ಟೋಂಗ್ವಾ ಸ್ಮೃತಿಯ ಭಂಡಾರಗಳು: ಲಾಸ್ ಏಂಜಲೀಸ್‌ನ ಮೂಲನಿವಾಸಿಗಳ ಭಾಷೆ, ದಾಖಲೆ ಮತ್ತು ಗ್ರಂಥಾಲಯಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇಂದು ಲಾಸ್ ಏಂಜಲೀಸ್ ಮಹಾನಗರ ಹಬ್ಬಿಕೊಂಡಿರುವ ಬಯಲು ಹಾಗೂ ಅದರ ಎದುರಿನ ಕಡಲಿನಲ್ಲಿರುವ ದ್ವೀಪಗಳು ಮೂಲತಃ ಟೋಂಗ್ವಾ ಜನರ ನೆಲ. ಸಿನಿಮಾ ಉದ್ಯಮದ ತವರೆಂದು ಜಗತ್ತಿಗೆಲ್ಲ ಪರಿಚಿತವಾದ ಈ ಪ್ರದೇಶಕ್ಕೆ ಸಾವಿರಾರು ವರ್ಷಗಳ ಜನವಸತಿಯ ಇತಿಹಾಸವಿದೆ. ಆದರೆ ಆ ನೆಲದ ಮೊದಲ ಜನರಿಗೆ ಅಮೆರಿಕದ ಒಕ್ಕೂಟ ಸರ್ಕಾರದ ಮಾನ್ಯತೆಯಾಗಲಿ, ಮೀಸಲು ಪ್ರದೇಶವಾಗಲಿ ಇಂದಿಗೂ ದೊರೆತಿಲ್ಲ. ಅವರ ಭಾಷೆಯನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯ ತಲೆಮಾರು ಇಪ್ಪತ್ತನೆಯ ಶತಮಾನದಲ್ಲಿ ಕಣ್ಮರೆಯಾಯಿತು. ಮನೆಮನೆಗಳ ನೆನಪಿನ ಹೊರತಾಗಿ ಉಳಿದಿರುವುದು ಮುಖ್ಯವಾಗಿ ಕಾಗದ. ಆ ಕಾಗದದ ಬಹುಪಾಲು ಪರರು ಬರೆದದ್ದು, ಪರರ ಹೆಸರಿನಲ್ಲಿರುವುದು, ಪರರ ಕಪಾಟುಗಳಲ್ಲಿರುವುದು.

ಹೀಗಾಗಿ ಟೋಂಗ್ವಾ ಸಮುದಾಯದ ಮಟ್ಟಿಗೆ ಗ್ರಂಥಾಲಯವೆಂದರೆ ಪುಸ್ತಕ ಎರವಲು ಪಡೆಯುವ ಸ್ಥಳ ಮಾತ್ರವಲ್ಲ. ಹಿರಿಯರ ಮಾತನ್ನು ಹಿರಿಯರ ಹೆಸರಿನಲ್ಲೇ ಕಾಪಾಡಿ, ಅವರ ಮೊಮ್ಮಕ್ಕಳಿಗೆ ಹಿಂದಿರುಗಿಸುವ ತಾಣ. ಆ ದಾಖಲೆಗಳು ಯಾವುವು, ಹೇಗೆ ಹುಟ್ಟಿದವು, ಎಲ್ಲಿವೆ, ಅವುಗಳಿಂದ ಈವರೆಗೆ ಏನು ಸಾಧ್ಯವಾಗಿದೆ ಎಂಬುದರ ಪರಿಚಯ ಇಲ್ಲಿದೆ.

ನೆಲ ಮತ್ತು ಜನ

ಟೋಂಗ್ವಾ ಭಾಷೆಯಲ್ಲಿ ಈ ನಾಡಿನ ಹೆಸರು ಟೋವಾಂಗಾರ್. ‘ಲೋಕ’ ಎಂಬುದು ಅದರ ಅರ್ಥ. ಸುಮಾರು 4,000 ಚದರ ಮೈಲಿ ವಿಸ್ತಾರದ ಈ ಸೀಮೆಯಲ್ಲಿ ಲಾಸ್ ಏಂಜಲೀಸ್ ಬಯಲು, ಸ್ಯಾನ್ ಗೇಬ್ರಿಯಲ್ ಕಣಿವೆ, ಇಂದಿನ ಆರೆಂಜ್ ಕೌಂಟಿಯ ಉತ್ತರಭಾಗ ಹಾಗೂ ಸಾಂಟಾ ಕ್ಯಾಟಲಿನಾ, ಸ್ಯಾನ್ ಕ್ಲೆಮೆಂಟೆ ಮುಂತಾದ ದ್ವೀಪಗಳು ಸೇರಿದ್ದವು. ಕ್ಯಾಟಲಿನಾ ದ್ವೀಪದ ಮೂಲ ಹೆಸರು ಪಿಮು. ಅಲ್ಲಿ ದೊರೆಯುವ ಬಳಪದ ಕಲ್ಲಿನಿಂದ ಕಡೆದ ಪಾತ್ರೆಗಳು ದೂರದ ಊರುಗಳಿಗೆ ವಿನಿಮಯವಾಗಿ ಹೋಗುತ್ತಿದ್ದವು. ಹಲಗೆಗಳನ್ನು ನಾರಿನಿಂದ ಹೊಲಿದು, ನೆಲದಿಂದ ತಾನಾಗಿ ಒಸರುವ ಡಾಂಬರಿನಿಂದ ಸಂದುಗಳನ್ನು ಮುಚ್ಚಿ ಕಟ್ಟುತ್ತಿದ್ದ ‘ಟಿಯಾತ್’ ಎಂಬ ದೋಣಿಗಳಲ್ಲಿ ದ್ವೀಪ ಮತ್ತು ದಡದ ನಡುವೆ ಸಂಚಾರವಿತ್ತು. ಓಕ್ ಮರದ ಕಾಯಿಯ ಹಿಟ್ಟು, ಮೀನು, ಚಿಪ್ಪುಜೀವಿಗಳು, ಚಿಯಾ ಬೀಜ ಮುಖ್ಯ ಆಹಾರವಾಗಿದ್ದವು.

ಇವರ ಭಾಷೆ ಯುಟೋ-ಆಜ್ಟೆಕನ್ ಭಾಷಾ ಕುಟುಂಬದ ಟಾಕಿಕ್ ಶಾಖೆಗೆ ಸೇರಿದುದು. ನೆರೆಯ ಸೆರಾನೊ, ಕವೀಯಾ, ಲುಯಿಸೆನ್ಯೊ ಭಾಷೆಗಳು ಇದೇ ಶಾಖೆಯವು. ಪಶ್ಚಿಮದ ಚುಮಾಶ್ ಜನರ ಭಾಷೆಗಳು ಬೇರೆ ಕುಟುಂಬದವು.

ಭಾಷೆ ಮೌನವಾದರೂ ಊರ ಹೆಸರುಗಳು ಉಳಿದುಕೊಂಡವು. ಟೊಪಾಂಗಾ, ಟುಹಂಗಾ, ಕಹುವೆಂಗಾ, ರಾಂಚೊ ಕುಕಮೊಂಗಾ ಎಂಬ ಹೆಸರುಗಳ ಕೊನೆಯ ‘-ಂಗಾ’ ಎಂಬುದು ಸ್ಥಳವನ್ನು ಸೂಚಿಸುವ ಪ್ರತ್ಯಯ. ಕನ್ನಡದ ಸಪ್ತಮೀ ವಿಭಕ್ತಿಯ ‘ಅಲ್ಲಿ’ ಪ್ರತ್ಯಯಕ್ಕೆ ಹೋಲಿಸಬಹುದಾದದ್ದು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರೂ ಸೇರಿದಂತೆ ಅಲ್ಲಿನ ನಿವಾಸಿಗಳು ಮನೆಯ ವಿಳಾಸದಲ್ಲೋ ಹೆದ್ದಾರಿಯ ಫಲಕದಲ್ಲೋ ಈ ಹೆಸರುಗಳನ್ನು ನಿತ್ಯ ಬಳಸುತ್ತಾರೆ.

ಹೆಸರಿನ ಪ್ರಶ್ನೆ

ಟೋಂಗ್ವಾ ಕುರಿತು ಗ್ರಂಥಾಲಯಗಳಲ್ಲಿ ಹುಡುಕುವವರಿಗೆ ಮೊದಲು ಎದುರಾಗುವುದು ಹೆಸರಿನ ತೊಡಕು. ಸ್ಪೇನಿನವರು ಸ್ಯಾನ್ ಗೇಬ್ರಿಯಲ್ ಮಿಷನ್ನಿನ ಸುತ್ತಲಿನವರನ್ನು ‘ಗೇಬ್ರಿಯೆಲಿನೊ’ ಎಂದೂ, ಸ್ಯಾನ್ ಫರ್ನಾಂಡೊ ಮಿಷನ್ನಿಗೆ ಸೇರಿಸಲ್ಪಟ್ಟವರನ್ನು ‘ಫರ್ನಾಂಡೆನ್ಯೊ’ ಎಂದೂ ಕರೆದರು. ಅಂದರೆ ಜನರ ಹೆಸರು ಅವರನ್ನು ಕೂಡಿಹಾಕಿದ ಸಂಸ್ಥೆಯ ಹೆಸರಾಯಿತು. ‘ಟೋಂಗ್ವಾ’ ಎಂಬುದನ್ನು 1903ರಲ್ಲಿ ಪ್ರಕೃತಿವಿಜ್ಞಾನಿ ಸಿ. ಹಾರ್ಟ್ ಮೆರಿಯಮ್ ಅವರು ನಾರ್ಸಿಸಾ ಹಿಗ್ವೇರಾ ಎಂಬ ಮಹಿಳೆಯ ಬಾಯಿಂದ ಕೇಳಿ ಬರೆದುಕೊಂಡರು. 1846ರಲ್ಲಿ ಹೊರೇಶಿಯೊ ಹೇಲ್ ದಾಖಲಿಸಿದ್ದ ‘ಕೀಚ್’ ಎಂಬ ಹೆಸರೇ ಸರಿಯೆಂದು ಸಮುದಾಯದ ಒಂದು ಬಣ ವಾದಿಸುತ್ತದೆ. ಹಳೆಯ ಗ್ರಂಥಸೂಚಿಗಳಲ್ಲಿ ‘ಗೇಬ್ರಿಯೆಲಿನೊ’ ಎಂಬ ಶೀರ್ಷಿಕೆಯೇ ರೂಢಿಯಲ್ಲಿರುವುದರಿಂದ ಅಧ್ಯಯನಕಾರರು ಎಲ್ಲ ಹೆಸರುಗಳಲ್ಲಿಯೂ ಹುಡುಕಬೇಕಾಗುತ್ತದೆ.

ಮಿಷನ್ ಕಾಲದ ದಾಖಲೆಗಳು

1542ರಲ್ಲಿ ಹುವಾನ್ ರೋಡ್ರಿಗೆಸ್ ಕಾಬ್ರಿಯೊನ ಹಡಗುಗಳು ಈ ತೀರಕ್ಕೆ ಬಂದವಾದರೂ ಸ್ಪೇನಿನ ವಸಾಹತು ಆರಂಭವಾದದ್ದು 1769ರ ನಂತರ. 1771ರ ಸೆಪ್ಟೆಂಬರ್ 8ರಂದು ಫ್ರಾನ್ಸಿಸ್ಕನ್ ಪಾದ್ರಿಗಳು ಸ್ಯಾನ್ ಗೇಬ್ರಿಯಲ್ ಮಿಷನ್ ಸ್ಥಾಪಿಸಿದರು. 1781ರಲ್ಲಿ ಟೋಂಗ್ವಾ ಜನರ ಯಾಂಗಾ ಗ್ರಾಮದ ಬಳಿ ಲಾಸ್ ಏಂಜಲೀಸ್ ಎಂಬ ಪುಟ್ಟ ವಸಾಹತು ತಲೆಯೆತ್ತಿತು. 1797ರಲ್ಲಿ ಸ್ಯಾನ್ ಫರ್ನಾಂಡೊ ಮಿಷನ್ ಸೇರಿಕೊಂಡಿತು. ದೀಕ್ಷಾಸ್ನಾನ ಪಡೆದವರು ಮಿಷನ್ನಿನ ಆವರಣದಲ್ಲೇ ಇರಬೇಕು, ಅನುಮತಿಯಿಲ್ಲದೆ ಹೊರಹೋಗಕೂಡದು, ಹೊಲ-ಕಾರ್ಯಾಗಾರಗಳಲ್ಲಿ ದುಡಿಯಬೇಕು ಎಂಬುದು ನಿಯಮವಾಗಿತ್ತು. ಓಡಿಹೋದವರನ್ನು ಹಿಡಿದು ತಂದು ಚಾಟಿಯೇಟು ಕೊಡಲಾಗುತ್ತಿತ್ತು. ಯೂರೋಪಿನಿಂದ ಬಂದ ಸಾಂಕ್ರಾಮಿಕ ರೋಗಗಳು, ದಟ್ಟಣೆಯ ವಾಸ, ಆಹಾರಪದ್ಧತಿಯ ಬದಲಾವಣೆಗಳಿಂದ ಸಾವುಗಳು ಹೆಚ್ಚಿದವು. ಸ್ಯಾನ್ ಗೇಬ್ರಿಯಲ್ ಮಿಷನ್ನಿನ ಸಮಾಧಿಭೂಮಿಯಲ್ಲಿಯೇ ಸುಮಾರು 6,000 ಮೂಲನಿವಾಸಿಗಳನ್ನು ಹೂಳಲಾಗಿದೆ.

ವಿಪರ್ಯಾಸವೆಂದರೆ ಈ ವಿನಾಶವನ್ನು ತಂದ ವ್ಯವಸ್ಥೆಯೇ ಅದರ ಲೆಕ್ಕವನ್ನೂ ಬರೆದಿಟ್ಟಿತು. ಪಾದ್ರಿಗಳು ಪ್ರತಿಯೊಂದು ದೀಕ್ಷಾಸ್ನಾನ, ವಿವಾಹ ಮತ್ತು ಮರಣವನ್ನು ದಿನಾಂಕಸಹಿತ ಪುಸ್ತಕಗಳಲ್ಲಿ ನಮೂದಿಸಿದರು. ಅನೇಕ ಕಡೆ ವ್ಯಕ್ತಿಯ ಹುಟ್ಟೂರು, ತಂದೆತಾಯಿಯರ ಹೆಸರುಗಳೂ ಇವೆ. ಸ್ಯಾನ್ ಮರೀನೊದ ಹಂಟಿಂಗ್ಟನ್ ಗ್ರಂಥಾಲಯವು ಇತಿಹಾಸಕಾರ ಸ್ಟೀವನ್ ಹ್ಯಾಕಲ್ ಅವರ ನೇತೃತ್ವದಲ್ಲಿ ಕ್ಯಾಲಿಫೋರ್ನಿಯಾದ 21 ಮಿಷನ್‌ಗಳ ಇಂಥ ಪುಸ್ತಕಗಳನ್ನು ಗಣಕೀಕರಿಸಿ 2006ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದೀಕ್ಷಾಸ್ನಾನಗಳ, ಸುಮಾರು 28,000 ವಿವಾಹಗಳ ಹಾಗೂ ಸುಮಾರು 71,000 ಮರಣಗಳ ವಿವರಗಳಿವೆ. ಅಜ್ಜಿಯ ಅಜ್ಜಿ ಯಾವ ಊರಿನಿಂದ ಬಂದವಳೆಂದು ತಿಳಿಯಬಯಸುವ ಟೋಂಗ್ವಾ ಕುಟುಂಬಕ್ಕೆ ಇಂದು ದಾರಿಯಾಗಿರುವುದು ಈ ಸಂಗ್ರಹವೇ.

2020ರ ಜುಲೈ 11ರಂದು ಸ್ಯಾನ್ ಗೇಬ್ರಿಯಲ್ ಮಿಷನ್ನಿನ ಚರ್ಚಿಗೆ ಬೆಂಕಿ ಬಿದ್ದು ಚಾವಣಿ ಸುಟ್ಟುಹೋಯಿತು. 250ನೆಯ ವರ್ಷಾಚರಣೆಗಾಗಿ ನವೀಕರಣ ನಡೆಯುತ್ತಿದ್ದುದರಿಂದ ಹಲವು ವಸ್ತುಗಳನ್ನು ಮೊದಲೇ ಹೊರಗೆ ಸಾಗಿಸಲಾಗಿತ್ತು. ದುರಸ್ತಿಯ ನಂತರ ಹೊಸದಾಗಿ ರೂಪುಗೊಂಡ ವಸ್ತುಸಂಗ್ರಹಾಲಯದಲ್ಲಿ, ಅಲ್ಲಿ ದೀಕ್ಷಾಸ್ನಾನ ಪಡೆದ ಸಾವಿರಾರು ಮೂಲನಿವಾಸಿಗಳ ಹೆಸರುಗಳನ್ನು ಗೋಡೆಯ ಮೇಲೆ ಕಾಣಿಸಲಾಗಿದೆ. ಪುಸ್ತಕದೊಳಗೆ ಮುಚ್ಚಿಹೋಗಿದ್ದ ಹೆಸರು ಹೀಗೆ ಕಣ್ಣೆದುರು ಬಂದಿತು.

ಒಂದು ಕಡತ, ಎರಡು ಓದು

ದಾಖಲೆಯಿದ್ದರೆ ಸಾಲದು, ಅದನ್ನು ಓದುವ ಬಗೆಯೂ ಮುಖ್ಯ ಎಂಬುದಕ್ಕೆ ಟೋಯ್‌ಪುರಿನಾಳ ಪ್ರಕರಣ ನಿದರ್ಶನ. 1785ರ ಅಕ್ಟೋಬರ್‌ನಲ್ಲಿ ಸ್ಯಾನ್ ಗೇಬ್ರಿಯಲ್ ಮಿಷನ್ನಿನ ಮೇಲೆ ದಾಳಿ ನಡೆಸಲು ಹಲವು ಗ್ರಾಮಗಳವರು ಸಂಚು ಹೂಡಿದರು. ಮುನ್ಸೂಚನೆ ದೊರೆತಿದ್ದ ಸೈನಿಕರು ಅವರನ್ನು ಸೆರೆಹಿಡಿದರು. ಆರೋಪಿಗಳಲ್ಲಿ ಯುವತಿ ಟೋಯ್‌ಪುರಿನಾ ಹಾಗೂ ಮಿಷನ್ನಿನೊಳಗೆ ವಾಸವಾಗಿದ್ದ ನಿಕೊಲಾಸ್ ಹೊಸೆ ಪ್ರಮುಖರು. ವಿಚಾರಣೆಯ ಹೇಳಿಕೆಗಳು ಸ್ಪ್ಯಾನಿಷ್ ಭಾಷೆಯಲ್ಲಿದ್ದು ಮೆಕ್ಸಿಕೊ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

1958ರಲ್ಲಿ ಥಾಮಸ್ ವರ್ಕ್‌ಮನ್ ಟೆಂಪಲ್ ಈ ಘಟನೆಯನ್ನು ಬರೆದಾಗ ಟೋಯ್‌ಪುರಿನಾಳನ್ನು ಮಾಟಗಾತಿಯಾಗಿ ಚಿತ್ರಿಸಿ, ಮೂಲ ಕಡತದಲ್ಲಿಲ್ಲದ ನಾಟಕೀಯತೆಯನ್ನು ಬೆರೆಸಿದರು. ದಶಕಗಳ ಕಾಲ ಅದೇ ಕಥೆ ಪ್ರಚಾರದಲ್ಲಿತ್ತು. 2003ರಲ್ಲಿ ಹ್ಯಾಕಲ್ ಮೂಲ ಹೇಳಿಕೆಗಳನ್ನು ಮತ್ತೆ ಪರಿಶೀಲಿಸಿ ಪ್ರಕಟಿಸಿದ ಅಧ್ಯಯನದಿಂದ ಬೇರೊಂದು ಚಿತ್ರ ಮೂಡಿತು. ತಮ್ಮ ನೃತ್ಯಾಚರಣೆಗಳನ್ನು ನಿಷೇಧಿಸಿದ್ದು ನಿಕೊಲಾಸ್ ಹೊಸೆಯ ದೂರಾಗಿತ್ತು. ತನ್ನ ನೆಲದಲ್ಲಿ ಪಾದ್ರಿಗಳು ಬಂದು ನೆಲೆಯೂರಿದ್ದು ಟೋಯ್‌ಪುರಿನಾಳ ಕೋಪಕ್ಕೆ ಕಾರಣವಾಗಿತ್ತು. ಆಕೆಯನ್ನು ಉತ್ತರದ ಮಿಷನ್ನಿಗೆ ಗಡೀಪಾರು ಮಾಡಲಾಯಿತು. 1799ರಲ್ಲಿ ಆಕೆ ತೀರಿಕೊಂಡಳು. ಇಂದು ಲಾಸ್ ಏಂಜಲೀಸ್‌ನ ಭಿತ್ತಿಚಿತ್ರಗಳಲ್ಲಿ ಆಕೆ ಪ್ರತಿರೋಧದ ಸಂಕೇತವಾಗಿ ಕಾಣಿಸಿಕೊಳ್ಳುತ್ತಾಳೆ.

ಹೇಳಿದವಳು ವಿಕ್ಟೋರಿಯಾ, ಬರೆದವನು ರೀಡ್

1834ರ ವೇಳೆಗೆ ಮೆಕ್ಸಿಕೊ ಸರ್ಕಾರ ಮಿಷನ್‌ಗಳನ್ನು ಪಾದ್ರಿಗಳ ಹಿಡಿತದಿಂದ ಬಿಡಿಸಿತು. ಮೂಲನಿವಾಸಿಗಳಿಗೆ ಸೇರಬೇಕಿದ್ದ ಭೂಮಿಯ ಬಹುಪಾಲು ಪ್ರಭಾವಿಗಳ ಪಾಲಾಯಿತು. ಈ ಕಾಲದ ಅತ್ಯಮೂಲ್ಯ ದಾಖಲೆ ಹ್ಯೂಗೊ ರೀಡ್ ಬರೆದ 22 ಪತ್ರಗಳು. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ರೀಡ್, ಮಿಷನ್ನಿನಲ್ಲಿ ಬೆಳೆದ ವಿಕ್ಟೋರಿಯಾ ಎಂಬ ಟೋಂಗ್ವಾ ಮಹಿಳೆಯನ್ನು ವಿವಾಹವಾಗಿದ್ದ. ಈ ಪತ್ರಗಳು 1852ರಲ್ಲಿ ‘ಲಾಸ್ ಏಂಜಲೀಸ್ ಸ್ಟಾರ್’ ಪತ್ರಿಕೆಯಲ್ಲಿ ಕ್ರಮವಾಗಿ ಪ್ರಕಟವಾದವು. ಗ್ರಾಮಗಳ ಹೆಸರುಗಳು, ವಿವಾಹಪದ್ಧತಿ, ಅಂತ್ಯಸಂಸ್ಕಾರ, ಕಥೆಗಳು, ಭಾಷೆ, ಮಿಷನ್ನಿನಲ್ಲಿ ನಡೆದ ಕ್ರೌರ್ಯ ಎಲ್ಲವೂ ಅವುಗಳಲ್ಲಿವೆ. ಒಂದು ಊರಿನ ಪತ್ರಿಕೆ ಅಚ್ಚುಹಾಕಿದ ಲೇಖನಮಾಲೆಯೇ ಮುಂದೆ ಎಲ್ಲ ಸಂಶೋಧಕರಿಗೂ ಆಧಾರವಾಯಿತು.

ರೀಡ್‌ಗೆ ಈ ಮಾಹಿತಿ ದೊರೆತದ್ದು ಪತ್ನಿಯಿಂದ ಮತ್ತು ಆಕೆಯ ಬಂಧುಬಳಗದಿಂದ. ಆದರೂ ಗ್ರಂಥಸೂಚಿಯಲ್ಲಿ ಕರ್ತೃವಾಗಿ ಕಾಣುವ ಹೆಸರು ಗಂಡನದು ಮಾತ್ರ. ರೀಡ್ ಅದೇ ವರ್ಷದ ಕೊನೆಗೆ ತೀರಿಕೊಂಡ. ಒಂದು ಕಾಲಕ್ಕೆ ವಿಶಾಲ ಭೂಮಿಯ ಒಡತಿಯಾಗಿದ್ದ ವಿಕ್ಟೋರಿಯಾ ಎಲ್ಲವನ್ನೂ ಕಳೆದುಕೊಂಡು 1868ರಲ್ಲಿ ನಿಧನಹೊಂದಿದಳು.

ಅಮೆರಿಕದ ಆಡಳಿತದಲ್ಲಿ

1848ರಲ್ಲಿ ಕ್ಯಾಲಿಫೋರ್ನಿಯಾ ಅಮೆರಿಕದ ವಶವಾಯಿತು. 1850ರಲ್ಲಿ ಹೊಸ ರಾಜ್ಯದ ಶಾಸನಸಭೆ ಹೊರಡಿಸಿದ ಕಾಯಿದೆಯು ‘ಸಂರಕ್ಷಣೆ’ ಎಂಬ ಹೆಸರು ಹೊತ್ತಿದ್ದರೂ, ಅಲೆಮಾರಿ ಎಂದು ಹಣೆಪಟ್ಟಿ ಹಚ್ಚಲಾದ ಮೂಲನಿವಾಸಿಗಳನ್ನು ಕೂಲಿಗಾಗಿ ಹರಾಜು ಹಾಕಲು ಅವಕಾಶ ನೀಡಿತು. ಲಾಸ್ ಏಂಜಲೀಸ್‌ನಲ್ಲಿ ಇಂಥ ಹರಾಜು ವಾರಕ್ಕೊಮ್ಮೆ ನಡೆಯುತ್ತಿತ್ತು. 1851-52ರಲ್ಲಿ ಕ್ಯಾಲಿಫೋರ್ನಿಯಾದ ಬುಡಕಟ್ಟುಗಳೊಂದಿಗೆ ಮಾಡಿಕೊಂಡ 18 ಒಪ್ಪಂದಗಳನ್ನು ಅಮೆರಿಕದ ಸೆನೆಟ್ ತಿರಸ್ಕರಿಸಿತು. ಅಷ್ಟೇ ಅಲ್ಲದೆ ಅವುಗಳನ್ನು ಗೋಪ್ಯವಾಗಿರಿಸಿತು. 1905ರವರೆಗೂ ಆ ಕಾಗದಗಳು ಬೆಳಕಿಗೆ ಬರಲಿಲ್ಲ. ಕಡತವನ್ನು ಬೀಗದಲ್ಲಿಡುವುದೂ ಒಂದು ಜನಾಂಗದ ಹಕ್ಕನ್ನು ಅಳಿಸುವ ವಿಧಾನವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

1928ರ ಕಾಯಿದೆಯೊಂದರಂತೆ ಪರಿಹಾರ ಕೋರುವ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ತಮ್ಮ ವಂಶವಿವರಗಳನ್ನು ಅರ್ಜಿಗಳಲ್ಲಿ ನೀಡಬೇಕಾಯಿತು. ಕೊನೆಗೆ 1950ರ ಸುಮಾರಿನಲ್ಲಿ ತಲಾ 150 ಡಾಲರ್, 1972ರಲ್ಲಿ ತಲಾ 668 ಡಾಲರ್ ಹಂಚಲಾಯಿತು. ಹಣ ಅಲ್ಪವಾದರೂ ಆ ಅರ್ಜಿಗಳು ಮಿಷನ್ ಪುಸ್ತಕಗಳನ್ನು ಇಂದಿನ ಕುಟುಂಬಗಳೊಂದಿಗೆ ಜೋಡಿಸುವ ಕೊಂಡಿಯಾದವು.

ಹ್ಯಾರಿಂಗ್ಟನ್ ಕಾಗದಗಳು

ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ 1925ರ ತಮ್ಮ ಬೃಹತ್ ಕೈಪಿಡಿಯಲ್ಲಿ ಟೋಂಗ್ವಾ ಜನರನ್ನು ಬಹುತೇಕ ಕರಗಿಹೋದವರೆಂದು ಬಣ್ಣಿಸಿದರು. ಅದೇ ಅವಧಿಯಲ್ಲಿ ಜಾನ್ ಪೀಬಾಡಿ ಹ್ಯಾರಿಂಗ್ಟನ್ (1884-1961) ಎಂಬ ಭಾಷಾಶಾಸ್ತ್ರಜ್ಞರು ಆ ಭಾಷೆ ಬಲ್ಲ ವೃದ್ಧರ ಮುಂದೆ ಕುಳಿತು ಬರೆದುಕೊಳ್ಳುತ್ತಿದ್ದರು. ಹೊಸೆ ಸಾಲ್ವಿಡೆಯಾ, ಹೊಸೆ ದೆ ಲೊಸ್ ಸಾಂಟೊಸ್ ಹುನ್ಸಿಯೊ, ಫೆಲಿಸಿಟಾಸ್ ಸೆರಾನೊ ಮೊಂಟಾನ್ಯೊ ಮೊದಲಾದವರು ಅವರಿಗೆ ಪದಗಳನ್ನೂ ವಾಕ್ಯಗಳನ್ನೂ ಊರ ಹೆಸರುಗಳನ್ನೂ ಹೇಳಿದರು.

ಹ್ಯಾರಿಂಗ್ಟನ್ ವಿಚಿತ್ರ ಸ್ವಭಾವದವರು. 1915ರಿಂದ 1954ರವರೆಗೆ ಅಮೆರಿಕದ ಜನಾಂಗವಿಜ್ಞಾನ ಇಲಾಖೆಯಲ್ಲಿದ್ದು ನೂರಕ್ಕೂ ಹೆಚ್ಚು ಭಾಷೆಗಳ ಸಾಮಗ್ರಿ ಕೂಡಿಹಾಕಿದರೂ ಪ್ರಕಟಿಸಿದ್ದು ಅದರ ಅಲ್ಪಾಂಶ. ತಮ್ಮ ಟಿಪ್ಪಣಿಗಳನ್ನು ಇತರ ವಿದ್ವಾಂಸರಿಂದ ಮರೆಮಾಡುತ್ತಿದ್ದರು. ಮರಣಾನಂತರ ಅಲ್ಲಲ್ಲಿ ಪೆಟ್ಟಿಗೆಗಳಲ್ಲಿ ದೊರೆತ ಸಾಮಗ್ರಿಯನ್ನು ಸ್ಮಿತ್‌ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ಮಾನವಶಾಸ್ತ್ರೀಯ ಪತ್ರಾಗಾರದಲ್ಲಿ ಒಟ್ಟುಗೂಡಿಸಲಾಯಿತು. ಒಟ್ಟು ಪುಟಗಳು ಸುಮಾರು ಹತ್ತು ಲಕ್ಷವೆಂದು ಅಂದಾಜು. 1980ರ ದಶಕದಲ್ಲಿ ಇವು ಮೈಕ್ರೊಫಿಲ್ಮ್ ರೂಪದಲ್ಲಿ ಹೊರಬಂದವು. ಆಮೇಲೆ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ವಾಂಸರು ಮೂಲನಿವಾಸಿ ಸ್ವಯಂಸೇವಕರ ನೆರವಿನಿಂದ ಅವುಗಳನ್ನು ಬೆರಳಚ್ಚಿಗಿಳಿಸುವ ಯೋಜನೆ ಕೈಗೊಂಡರು. ಇಂಗ್ಲಿಷ್, ಸ್ಪ್ಯಾನಿಷ್ ಹಾಗೂ ಧ್ವನಿಲಿಪಿಗಳು ಬೆರೆತ ಹ್ಯಾರಿಂಗ್ಟನ್ ಅವರ ಅವಸರದ ಬರವಣಿಗೆಯನ್ನು ಬಿಡಿಸುವುದೇ ಒಂದು ಸಾಹಸ.

ಕಾಗದದಿಂದ ನಾಲಿಗೆಗೆ

ಟೋಂಗ್ವಾ ಮಾತುಕತೆಯ ಧ್ವನಿಮುದ್ರಣಗಳಿಲ್ಲ; ಸವೆದ ಮೇಣದ ಸುರುಳಿಗಳಲ್ಲಿ ಕೆಲವು ಹಾಡುಗಳಷ್ಟೇ ಇವೆ. ಹೀಗಿರುವಾಗ ಭಾಷೆಯನ್ನು ಮತ್ತೆ ಕಲಿಯುವುದು ಹೇಗೆ? ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭಾಷಾಶಾಸ್ತ್ರಜ್ಞೆ ಪಮೇಲಾ ಮನ್ರೊ ಅವರು ಹ್ಯಾರಿಂಗ್ಟನ್, ಮೆರಿಯಮ್ ಮತ್ತಿತರರ ಟಿಪ್ಪಣಿಗಳಿಂದ ಪದಗಳನ್ನು ಹೆಕ್ಕಿ ನಿಘಂಟು ಸಿದ್ಧಪಡಿಸತೊಡಗಿದರು. ಟಿಪ್ಪಣಿಗಳಲ್ಲಿ ಅಸ್ಪಷ್ಟವಾಗಿದ್ದುದನ್ನು ಸೋದರ ಭಾಷೆಗಳೊಂದಿಗೆ ಹೋಲಿಸಿ ನಿರ್ಧರಿಸಿದರು. 2004ರಿಂದ ಸಮುದಾಯದವರಿಗಾಗಿ ಸ್ಯಾನ್ ಪೆಡ್ರೊದಲ್ಲಿ ತರಗತಿಗಳು ಆರಂಭವಾದವು. ಅಲ್ಲಿ ಕಲಿತವರ ಭಾಷಾ ಸಮಿತಿ ಮನ್ರೊ ಅವರೊಡಗೂಡಿ 2008ರಲ್ಲಿ ಟೋಂಗ್ವಾ ಪಾಠಪುಸ್ತಕವನ್ನೂ ಹೊರತಂದಿತು.

ಇದು ಒಂಟಿ ಪ್ರಯತ್ನವಲ್ಲ. 1992ರಲ್ಲಿ ಹುಟ್ಟಿದ, ಕ್ಯಾಲಿಫೋರ್ನಿಯಾದ ಮೂಲಭಾಷೆಗಳ ಉಳಿವಿಗಾಗಿ ದುಡಿಯುವ ಸಂಘಟನೆಯೊಂದು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ‘ಜೀವದುಸಿರು’ ಎಂಬ ಅರ್ಥದ ಹೆಸರಿನ ಶಿಬಿರಗಳನ್ನು ನಡೆಸಿಕೊಂಡು ಬಂದಿದೆ. ಮಾತನಾಡುವವರಿಲ್ಲದ ಭಾಷೆಯ ವಂಶಸ್ಥರು ಭಾಷಾಶಾಸ್ತ್ರದ ವಿದ್ಯಾರ್ಥಿಯೊಬ್ಬರ ಜತೆ ಪತ್ರಾಗಾರದಲ್ಲಿ ಕುಳಿತು, ತಮ್ಮ ಅಜ್ಜಂದಿರು ಹೇಳಿ ಬರೆಸಿದ್ದನ್ನು ಓದಿ, ಕೊನೆಯ ದಿನ ಒಂದು ಪ್ರಾರ್ಥನೆಯನ್ನೋ ಸಂಭಾಷಣೆಯನ್ನೋ ಸಭೆಯ ಮುಂದೆ ಹೇಳುವುದು ಇದರ ಕ್ರಮ.

ಹಿರಿಯರ ಹೆಸರಿನ ತಾಣಗಳು

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮೂಲನಿವಾಸಿಗಳೇ ಕಟ್ಟಿದ, ಅಥವಾ ಅವರ ಹೆಸರಿನಲ್ಲಿ ನಿಂತ ಸಂಗ್ರಹಗಳ ಒಂದು ಪರಂಪರೆಯೇ ಇದೆ. ಬ್ಯಾನಿಂಗ್ ಊರಿನ ಬಳಿಯ ಮೊರೊಂಗೊ ಮೀಸಲು ಪ್ರದೇಶದಲ್ಲಿ 1965ರಲ್ಲಿ ತೆರೆದ ಮಾಲ್ಕಿ ವಸ್ತುಸಂಗ್ರಹಾಲಯವು ರಾಜ್ಯದ ಮೀಸಲು ಪ್ರದೇಶವೊಂದರಲ್ಲಿ ಮೂಲನಿವಾಸಿಗಳು ಸ್ಥಾಪಿಸಿದ ಮೊದಲನೆಯದು. ಕವೀಯಾ ಜನಾಂಗದ ಜೇನ್ ಪೆನ್ ಇದರ ಸ್ಥಾಪಕರಲ್ಲಿ ಪ್ರಮುಖರು. ಇದರ ಪ್ರಕಟಣಾ ವಿಭಾಗ ಈ ಪ್ರದೇಶದ ಜನಾಂಗಗಳ ಕುರಿತು ಹಲವು ಪುಸ್ತಕಗಳನ್ನು ಹೊರತಂದಿದೆ. ಟೋಂಗ್ವಾ ಕುರಿತ ಪ್ರಮಾಣಗ್ರಂಥವೆನಿಸಿದ ವಿಲಿಯಮ್ ಮೆಕಾಲಿ ಅವರ ‘ದಿ ಫಸ್ಟ್ ಏಂಜಲಿನೋಸ್’ 1996ರಲ್ಲಿ ಪ್ರಕಟವಾಯಿತು.

ರಿವರ್‌ಸೈಡ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿರುವ ರೂಪರ್ಟ್ ಕೋಸ್ಟೊ ಗ್ರಂಥಾಲಯವು ಇನ್ನೊಂದು ಮಾದರಿ. ಕವೀಯಾ ಜನಾಂಗದ ರೂಪರ್ಟ್ ಕೋಸ್ಟೊ ಮತ್ತು ಪತ್ನಿ ಜೆನೆಟ್ ಹೆನ್ರಿ ಕೋಸ್ಟೊ 1964ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಮೆರಿಕನ್ ಇಂಡಿಯನ್ ಇತಿಹಾಸ ಸಂಘವನ್ನು ಸ್ಥಾಪಿಸಿ, ಪತ್ರಿಕೆ ಹೊರಡಿಸಿ, ಶಾಲಾ ಪಠ್ಯಪುಸ್ತಕಗಳಲ್ಲಿ ಮೂಲನಿವಾಸಿಗಳ ಬಗೆಗಿದ್ದ ತಪ್ಪು ಚಿತ್ರಣಗಳ ವಿರುದ್ಧ ಹೋರಾಡಿದವರು. ಜೀವಮಾನವಿಡೀ ಕೂಡಿಸಿದ ಸಾವಿರಾರು ಪುಸ್ತಕಗಳನ್ನೂ ಕಡತಗಳನ್ನೂ 1986ರಲ್ಲಿ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಮಿಷನ್ ವ್ಯವಸ್ಥೆಯನ್ನು ಮೂಲನಿವಾಸಿಗಳ ದೃಷ್ಟಿಯಿಂದ ವಿಮರ್ಶಿಸುವ ಅವರ ಗ್ರಂಥ 1987ರಲ್ಲಿ ಬಂದಿತು.

ಮೂರನೆಯದು ಬ್ಯಾನಿಂಗ್‌ನ ಡೊರೊಥಿ ರಾಮೊನ್ ಕಲಿಕಾ ಕೇಂದ್ರ. ಟೋಂಗ್ವಾದ ಸೋದರ ಭಾಷೆಯಾದ ಸೆರಾನೊವನ್ನು ತಾಯ್ನುಡಿಯಾಗಿ ಬಲ್ಲ ಕೊನೆಯವರೆಂದು ಹೆಸರಾದ ಡೊರೊಥಿ ರಾಮೊನ್ (1909-2002) ಅವರು ಭಾಷಾಶಾಸ್ತ್ರಜ್ಞ ಎರಿಕ್ ಎಲಿಯಟ್ ಅವರೊಂದಿಗೆ ವರ್ಷಗಟ್ಟಲೆ ಕುಳಿತು ತಮ್ಮ ನೆನಪುಗಳನ್ನು ಸೆರಾನೊ ಭಾಷೆಯಲ್ಲೇ ಹೇಳಿದರು. ಆ ಗ್ರಂಥ 2000ದಲ್ಲಿ ಇಬ್ಬರ ಹೆಸರಿನಲ್ಲೂ ಪ್ರಕಟವಾಯಿತು. ವಿಕ್ಟೋರಿಯಾಳಿಗೆ ಸಲ್ಲದ ಕರ್ತೃತ್ವ ಒಂದೂವರೆ ಶತಮಾನದ ನಂತರ ಇಲ್ಲಿ ರಾಮೊನ್ ಅವರಿಗೆ ಸಂದಿತು. ಅವರ ಸೋದರಳಿಯ ಅರ್ನೆಸ್ಟ್ ಸಿವಾ ಈ ಕೇಂದ್ರವನ್ನು ಅವರ ಸ್ಮರಣೆಗೆಂದು ಸ್ಥಾಪಿಸಿದರು.

ಟೋಂಗ್ವಾ ಸಮುದಾಯವೂ ಇತ್ತೀಚೆಗೆ ಇಂಥ ಹಿರಿಯರನ್ನು ಕಳೆದುಕೊಂಡಿತು. ಸ್ಥಳೀಯ ಸಸ್ಯಗಳ ಬಳಕೆ ಮತ್ತು ಸಾಂಪ್ರದಾಯಿಕ ಅಡುಗೆಯನ್ನು ಕಲಿಸುತ್ತಿದ್ದ ಬಾರ್ಬರಾ ಡ್ರೇಕ್ 2020ರಲ್ಲಿ ತೀರಿಕೊಂಡರು. ಅವರು ಒಡನಾಡಿಗಳೊಂದಿಗೆ ಸೇರಿ ಸಿದ್ಧಪಡಿಸಿದ ಸ್ಥಳೀಯ ಆಹಾರದ ಪುಸ್ತಕ 2018ರಲ್ಲಿ ಪ್ರಕಟವಾಗಿತ್ತು. ಶಾಲೆ-ಕಾಲೇಜುಗಳಲ್ಲಿ ಭಾಷೆ, ಬುಟ್ಟಿ ಹೆಣಿಗೆ ಹಾಗೂ ಇತಿಹಾಸವನ್ನು ಹೇಳಿಕೊಡುತ್ತಿದ್ದ ಜೂಲಿಯಾ ಬೊಗಾನಿ 2021ರಲ್ಲಿ ನಿಧನರಾದರು. ತಮ್ಮ ಜನ ಕಣ್ಣಿಗೆ ಕಾಣುವಂತಾಗಬೇಕೆಂಬುದೇ ಬೊಗಾನಿ ಅವರ ಜೀವನದ ಗುರಿಯಾಗಿತ್ತು. ಇಂಥವರೊಬ್ಬರು ಅಗಲಿದಾಗ ಪುಸ್ತಕ, ಛಾಯಾಚಿತ್ರ, ಪಾಠದ ಟಿಪ್ಪಣಿ, ಧ್ವನಿಮುದ್ರಣಗಳು ಚದುರಿಹೋಗದಂತೆ ಒಂದೆಡೆ ಇರಿಸುವುದು ಸಮುದಾಯದ ಪಾಲಿಗೆ ಹೊಸ ಹ್ಯಾರಿಂಗ್ಟನ್‌ಗಾಗಿ ಕಾಯದೆ ತಮ್ಮ ಕೈಯಿಂದಲೇ ಪತ್ರಾಗಾರವನ್ನು ಕಟ್ಟಿದಂತೆ.

ಯಾರು ಓದಬಹುದು?

ಸಾಮಾನ್ಯ ಗ್ರಂಥಾಲಯದ ಧರ್ಮ ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದು. ಮೂಲನಿವಾಸಿ ಸಂಗ್ರಹಗಳಲ್ಲಿ ಈ ತತ್ತ್ವಕ್ಕೆ ಮಿತಿಯಿದೆ. ಕೆಲವು ಹಾಡುಗಳನ್ನು ನಿಯತ ಋತುವಿನಲ್ಲಷ್ಟೇ ಹಾಡಬೇಕು. ಕೆಲವು ಆಚರಣೆಗಳ ವಿವರ ಅಧಿಕಾರ ಪಡೆದವರಿಗೆ ಮಾತ್ರ. ಸಮಾಧಿಸ್ಥಳಗಳ ನಕ್ಷೆ ಬಹಿರಂಗವಾದರೆ ಕಳ್ಳಕಾಕರಿಗೆ ಆಹ್ವಾನ. 2006ರಲ್ಲಿ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಸೇರಿದ ಮೂಲನಿವಾಸಿ ಹಾಗೂ ಇತರ ಪತ್ರಾಗಾರ ತಜ್ಞರು ಈ ಕುರಿತು ಮಾರ್ಗಸೂಚಿಗಳನ್ನು ರೂಪಿಸಿದರು. ಸಮುದಾಯವನ್ನು ಕೇಳಿ ವರ್ಗೀಕರಿಸುವುದು, ಅವಹೇಳನಕಾರಿ ಶೀರ್ಷಿಕೆಗಳನ್ನು ತಿದ್ದುವುದು, ಪ್ರತಿಗಳನ್ನು ಹಿಂದಿರುಗಿಸುವುದು ಅವುಗಳ ಸಾರ. ಅಮೆರಿಕದ ಪತ್ರಾಗಾರ ತಜ್ಞರ ಸಂಘ ಇವುಗಳನ್ನು ಅಧಿಕೃತವಾಗಿ ಅನುಮೋದಿಸಿದ್ದು 2018ರಲ್ಲಿ.

ಮಾನ್ಯತೆಯ ಕೊರತೆ ಇಲ್ಲಿಯೂ ಅಡ್ಡಿಯಾಗುತ್ತದೆ. ಪೂರ್ವಜರ ಅಸ್ಥಿ ಮತ್ತು ಪವಿತ್ರ ವಸ್ತುಗಳನ್ನು ಹಿಂದಿರುಗಿಸಲು 1990ರಲ್ಲಿ ಬಂದ ಒಕ್ಕೂಟ ಕಾಯಿದೆ ಮುಖ್ಯವಾಗಿ ಮಾನ್ಯತೆ ಪಡೆದ ಬುಡಕಟ್ಟುಗಳಿಗೆ ಅನ್ವಯಿಸುತ್ತದೆ. ಕ್ಯಾಲಿಫೋರ್ನಿಯಾ ಶಾಸನಸಭೆ 1994ರಲ್ಲಿ ಗೇಬ್ರಿಯೆಲಿನೊ-ಟೋಂಗ್ವಾ ಜನರನ್ನು ಲಾಸ್ ಏಂಜಲೀಸ್ ಬಯಲಿನ ಮೂಲನಿವಾಸಿಗಳೆಂದು ನಿರ್ಣಯದ ಮೂಲಕ ಒಪ್ಪಿಕೊಂಡಿತು. ರಾಜ್ಯದ 2001ರ ಪ್ರತ್ಯೇಕ ಕಾಯಿದೆಗೆ 2020ರಲ್ಲಿ ತಂದ ತಿದ್ದುಪಡಿಯು ಒಕ್ಕೂಟದ ಮಾನ್ಯತೆಯಿಲ್ಲದ ಬುಡಕಟ್ಟುಗಳ ದನಿಗೂ ಹೆಚ್ಚಿನ ಬೆಲೆ ನೀಡಿತು. ಒಕ್ಕೂಟದ ಮಾನ್ಯತೆಗೆ ನಿರಂತರ ಸಮುದಾಯವಾಗಿ ಬಾಳಿದ್ದಕ್ಕೆ ಲಿಖಿತ ಪುರಾವೆ ಬೇಕು. ಚದುರಿಸಲ್ಪಟ್ಟವರು ಆ ಪುರಾವೆಗಾಗಿ ಮತ್ತೆ ಹೋಗಬೇಕಾದದ್ದು ತಮ್ಮನ್ನು ಚದುರಿಸಿದವರ ಕಡತಗಳಿಗೇ.

ನೆಲವೆಂಬ ಗ್ರಂಥ

ಟೋಂಗ್ವಾ ಹಿರಿಯರು ಸ್ಥಳಗಳನ್ನೂ ದಾಖಲೆಗಳೆಂದೇ ಭಾವಿಸುತ್ತಾರೆ. ಲಾಂಗ್ ಬೀಚ್‌ನ ರಾಜ್ಯ ವಿಶ್ವವಿದ್ಯಾಲಯದ ಆವರಣದಲ್ಲಿರುವ ಪುವುಂಗಾ ಎಂಬ ಪವಿತ್ರ ಗ್ರಾಮಸ್ಥಳವನ್ನು 1974ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಲಾಯಿತು. 1990ರ ದಶಕದಲ್ಲಿ ಅಲ್ಲಿ ವಾಣಿಜ್ಯ ಮಳಿಗೆ ಕಟ್ಟುವ ಯೋಜನೆಯನ್ನು ಸಮುದಾಯ ತಡೆಯಿತು. 2019ರಲ್ಲಿ ಅಲ್ಲಿ ಕಟ್ಟಡ ಕಾಮಗಾರಿಯ ಮಣ್ಣು ಸುರಿದಾಗ ವಿವಾದ ಮತ್ತೆ ನ್ಯಾಯಾಲಯಕ್ಕೇರಿತು. 2021ರ ರಾಜಿಯಂತೆ ಉಳಿದ 22 ಎಕರೆಯಲ್ಲಿ ಕಟ್ಟಡ ಕಟ್ಟದಿರಲು ಒಪ್ಪಿಗೆಯಾಯಿತು. ಪಶ್ಚಿಮ ಲಾಸ್ ಏಂಜಲೀಸ್‌ನಲ್ಲಿ ಪ್ರೌಢಶಾಲೆಯೊಂದರ ಆವರಣದಲ್ಲಿರುವ ಕುರುವುಂಗ್ನಾ ಚಿಲುಮೆ ಇನ್ನೊಂದು ತಾಣ. 1769ರಲ್ಲಿ ಪೋರ್ಟೊಲಾ ದಂಡಯಾತ್ರೆಯವರು ತಂಗಿದ್ದ ಈ ಚಿಲುಮೆ ಇಂದಿಗೂ ಹರಿಯುತ್ತಿದೆ. ಸಮುದಾಯದ ಪ್ರತಿಷ್ಠಾನವೊಂದು ಅಲ್ಲಿ ಸಣ್ಣ ಸಂಗ್ರಹಾಲಯ ಹಾಗೂ ಸ್ಥಳೀಯ ಸಸ್ಯಗಳ ತೋಟವನ್ನು ನೋಡಿಕೊಳ್ಳುತ್ತಿದೆ.

2022ರಲ್ಲಿ ಆಲ್ಟಡೀನಾದ ಒಂದು ಎಕರೆ ಖಾಸಗಿ ಭೂಮಿಯನ್ನು ಅದರ ಮಾಲೀಕರು ಟೋಂಗ್ವಾ ಸಂರಕ್ಷಣಾ ಸಂಸ್ಥೆಗೆ ಒಪ್ಪಿಸಿದರು. ಸುಮಾರು 200 ವರ್ಷಗಳ ಬಳಿಕ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಟೋಂಗ್ವಾ ಜನರಿಗೆ ನೆಲವೊಂದು ಮರಳಿತೆಂದು ಪತ್ರಿಕೆಗಳು ವರದಿಮಾಡಿದವು. 2025ರ ಜನವರಿಯಲ್ಲಿ ಆಲ್ಟಡೀನಾವನ್ನು ಆವರಿಸಿದ ಈಟನ್ ಕಾಳ್ಗಿಚ್ಚು ಈ ನೆಲವನ್ನೂ ಬಿಡಲಿಲ್ಲ. ಸಂಗ್ರಹ ಎಷ್ಟೇ ಅಮೂಲ್ಯವಾದರೂ ಒಂದೇ ಸೂರಿನಡಿ, ಒಂದೇ ಪ್ರತಿಯಲ್ಲಿ ಇರಬಾರದೆಂಬ ಪಾಠವನ್ನು 2020 ಮತ್ತು 2025ರ ಎರಡೂ ಬೆಂಕಿಗಳು ಕಲಿಸಿವೆ.

ಕಾಗದವನ್ನು ಬೆಂಕಿಯಿಂದ ಕಾಪಾಡುವುದು ಕೆಲಸದ ಅರ್ಧಭಾಗ ಮಾತ್ರ. ಹ್ಯಾರಿಂಗ್ಟನ್ ಪೆಟ್ಟಿಗೆಗಳು ದಶಕಗಳ ಕಾಲ ಸುರಕ್ಷಿತವಾಗಿಯೇ ಇದ್ದವು. ಆದರೆ ಅವುಗಳಲ್ಲಿದ್ದ ಭಾಷೆ ಯಾರ ಬಾಯಲ್ಲೂ ಇರಲಿಲ್ಲ. ಸ್ಯಾನ್ ಪೆಡ್ರೊದ ತರಗತಿಯಲ್ಲಿ ಕೆಲವರು ಸೇರಿ ಸಾಲ್ವಿಡೆಯಾ ಹೇಳಿದ್ದ ಪದವನ್ನು ಗಟ್ಟಿಯಾಗಿ ಉಚ್ಚರಿಸಿದಾಗ ಆ ಕಾಗದ ಮತ್ತೆ ಮಾತಾಯಿತು. ಟೋಂಗ್ವಾ ಜನರ ನೆನಪನ್ನು ಕಾಪಾಡುವ ಯಾವುದೇ ಸ್ಮಾರಕ ಗ್ರಂಥಾಲಯದ ಯಶಸ್ಸನ್ನು ಅಳೆಯಬೇಕಾದದ್ದು ಕಪಾಟಿನಲ್ಲಿರುವ ಸಂಪುಟಗಳ ಸಂಖ್ಯೆಯಿಂದಲ್ಲ, ಅಲ್ಲಿಂದ ಎಷ್ಟು ಪದಗಳು ಮನೆಗೆ ಮರಳಿದವು ಎಂಬುದರಿಂದ.